ಪಟ್ಟಿಯ ನಡುವಿನ ಕೆಂಪು ಹೊಲಿಗೆ

ತೂಗುತ್ತಿದೆ, ಇನ್ನೂ ತೂಗುತ್ತಿದೆ, ನನ್ನ ಕೈಗೂ ನಮ್ಮ ನಾಯಿ ಬಾಬಿನ್ನನ ಕೊರಳಿಗೂ ನಡುವೆ ಪಟ್ಟಿ, ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತುಬಿದ್ದಿದೆ, ಜೋತುಬಿದ್ದಲ್ಲಿ ಎಲ್ಲಕ್ಕಿಂತ ಕೆಳಗೆ ಅತ್ತೆ ಹಾಕಿದ ಕೆಂಪು ಹೊಲಿಗೆ, ಅದು ಕೆಳಗಿರುವಷ್ಟು ಹೊತ್ತು ಎಲ್ಲ ಸರಿ, ಮೇಲೆದ್ದರೆ ಮುಗಿಯಿತು — ಗೇಟಿನಿಂದ ಇಪ್ಪತ್ತಮೂರು ಹೆಜ್ಜೆ, ಇಪ್ಪತ್ತನಾಲ್ಕು, ಎಣಿಸಬೇಡ ಕಣೇ, ಎಣಿಸಿದರೆ ಕೈ ಬಿಗಿಯಾಗತ್ತೆ, ಕೈ ಬಿಗಿಯಾದರೆ ಅದಕ್ಕೆ ಗೊತ್ತಾಗತ್ತೆ ಅಂತ ಅತ್ತೆ ಹೇಳಿದ್ದು, ಆದರೆ ಎಣಿಸುವುದು ಬಿಟ್ಟರೆ ಅಪ್ಪನ ಚಪ್ಪಲಿ ಕೇಳುತ್ತದೆ, ಹಿಂದೆ ನಾಲ್ಕು ಮಾರು ದೂರದಲ್ಲಿ, ಚರ್ ಚರ್, ಪರೀಕ್ಷೆಯ ಕೋಣೆಯಲ್ಲಿ ಬೆಂಚುಗಳ ನಡುವೆ ಓಡಾಡುವವರ ಹಾಗೆ. ಮೂಲೆಯ ಔಷಧಿ ಅಂಗಡಿಯವರೆಗೆ ಹೋಗಿ ಬರಬೇಕು, ನಾಯಿ ಒಂದೇ ಒಂದು ಸಲ ಎಳೆದರೂ ಮಧ್ಯಾಹ್ನ ಮರದ ಡಿಪೋದವನಿಗೆ ಫೋನ್ ಮಾಡಿ ಕೊಟ್ಟುಬಿಡ್ತೀನಿ, ಆಮೇಲೆ ಯಾರೂ ಮುಖ ಊದಿಸಿಕೊಂಡು ಕೂತುಕೋಬಾರದು — ಇದು ಅಪ್ಪ, ನಿನ್ನೆ ರಾತ್ರಿ ಊಟಕ್ಕೆ ಕೂತಾಗ. ಅಪ್ಪ ಕೆಟ್ಟವರಲ್ಲ, ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದುವ ಕೆಲಸ, ಹದಿನೆಂಟು ವರ್ಷದಲ್ಲಿ ಮೂರು ನಾಯಿ ಕಚ್ಚಿವೆ, ಮೂರನ್ನೂ ಮನೆಯವರು ಏನೂ ಮಾಡಲ್ಲ ಸಾರ್ ಅಂದಿದ್ದರಂತೆ. ಮರದ ಡಿಪೋದಲ್ಲಿ ಒಂದು ನಾಯಿ ಈಗಲೇ ಇದೆ, ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ, ಎರಡು ಮೊಳ ಸರಪಳಿ, ಸರಪಳಿ ಹೋಗುವಷ್ಟು ದೂರಕ್ಕೆ ಅರ್ಧ ಚಂದ್ರನ ಆಕಾರದಲ್ಲಿ ಹುಲ್ಲೇ ಇಲ್ಲ, ತುಳಿದು ತುಳಿದು ನೆಲ ಹೊಳೆಯುತ್ತಿತ್ತು, ಅದನ್ನು ಅವತ್ತೇ ಡೈರಿಯಲ್ಲಿ ಬರೆದೆ, ಬರೆದು ಏನು ಮಾಡಿದೆ, ಪುಟ ತಿರುಗಿಸಿದೆ.

ಮೂವತ್ತೊಂದು, ಮೂವತ್ತೆರಡು, ಹಾಲಿನ ಕ್ಯಾನುಗಳನ್ನು ಇಳಿಸುತ್ತಿದ್ದಾರೆ, ತಗಡಿನ ಸದ್ದಿಗೆ ಬಾಬಿನ್ನನ ಎಡಗಿವಿ ಮಾತ್ರ ತಿರುಗಿತು, ಕಾಲು ತಪ್ಪಲಿಲ್ಲ, ಭಲೇ ಹುಡುಗ, ಬೆಕ್ಕು ಕಂಡರೂ ಎಳೆಯುವುದಿಲ್ಲ, ಸೈಕಲ್ಲಿಗೂ ಎಳೆಯುವುದಿಲ್ಲ, ಅದು ಎಳೆಯುವುದು ಯಾವಾಗ ಅಂತ ಈ ಬೀದಿಯಲ್ಲಿ ನನಗೊಬ್ಬಳಿಗೇ ಗೊತ್ತು. ಎದುರಿಗೆ ಬಂದವರು ನಿಂತು ಮಾತಾಡಿಸಿದರೆ ಎಳೆಯುತ್ತದೆ. ಡಿಗ್ರಿ ಮುಗಿದು ಎರಡು ವರ್ಷ, ಎರಡು ವರ್ಷದಿಂದ ಈ ಬೀದಿಯವರಿಗೆಲ್ಲ ಒಂದೇ ಪ್ರಶ್ನೆ, ಕೆಲಸ ಆಯ್ತೇನಮ್ಮ, ಹೂಂ ಅಂದರೆ ಸುಳ್ಳು, ಉಹೂಂ ಅಂದರೆ ಯಾಕೆ ಅಂತಾರೆ. ಅದಕ್ಕೇ ಎದುರಿಗೆ ಯಾರಾದರೂ ಕಂಡರೆ ನಾನು ಕೈಯನ್ನು ಚೂರೇ ಚೂರು ಮುಂದಕ್ಕೆ ಬಿಡುತ್ತಿದ್ದೆ, ನನ್ನ ಮೈಯೆಲ್ಲ ಮುಂದಕ್ಕೆ ವಾಲುತ್ತಿತ್ತು, ಮರಿ ಅದು, ಆಟ ಅಂದುಕೊಂಡು ಓಡುತ್ತಿತ್ತು, ಅಯ್ಯೋ ನಾಯಿ ಎಳೀತಿದೆ ಸಾರ್, ಬರ್ತೀನಿ ಆಂಟಿ, ಇನ್ನೊಂದು ಸಲ ಸಿಕ್ತೀನಿ — ಕಾಲಿಗೆ ಬುದ್ಧಿ ಹೇಳಿದ್ದು ನಾನು, ಹೆಸರು ಕೆಡಿಸಿಕೊಂಡದ್ದು ಅದು. ಪಾಪ ಹುಡುಗಿ, ಆ ನಾಯಿ ಕೈಲಿ ಸಿಕ್ಕಿ ಒದ್ದಾಡ್ತಾಳೆ ಅಂತ ಔಷಧಿ ಅಂಗಡಿಯವರ ಹೆಂಡತಿ ಅಂದದ್ದು ಕೇಳಿಸಿಕೊಂಡು ಮನೆಗೆ ಬಂದು ನಕ್ಕಿದ್ದೇನೆ, ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ, ಬುದ್ಧಿವಂತಿಕೆ ಅಂತ.

ಆಮೇಲೆ ನನಗೆ ಜ್ವರ ಬಂತು, ಎರಡೇ ದಿನದ ಜ್ವರ, ಅತ್ತೆ ಅಂದರು, ಮಲಗಿರು ಪುಟ್ಟಿ, ಬಾಬಿನ್ನನ್ನ ನಾನು ಸುತ್ತಾಡಿಸಿಕೊಂಡು ಬರ್ತೀನಿ. ಮೂಲೆಯಲ್ಲಿ ನಿವೃತ್ತ ಹೆಡ್‌ಮಾಸ್ಟ್ರು ಕೊಡೆ ಹಿಡಿದು ಬಂದರಂತೆ, ನಮಸ್ಕಾರ ಅಂದರಂತೆ, ಅತ್ತೆಗೆ ಮಾತು ಅಂದರೆ ಇಷ್ಟ, ನಮಸ್ಕಾರ ಅನ್ನಲು ನಿಂತರು, ಬಾಬಿನ್ ಮಾತ್ರ ಕಲಿತ ಪಾಠ ಒಪ್ಪಿಸಿತು. ಅತ್ತೆ ಅಂಗೈ ಊರಿ ಬಿದ್ದದ್ದು, ಮುರಿದದ್ದು ಬಲಗೈ, ಕತ್ತರಿ ಹಿಡಿಯುವ ಕೈ, ಅಪ್ಪನ ಅಕ್ಕ ಅವರು, ಅಪ್ಪನನ್ನು ಓದಿಸಿದ ಕೈ, ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿದ ಕೈ, ಮೂವತ್ತು ವರ್ಷ ಈ ಊರಿನ ಕುಪ್ಪಸ ಲಂಗ ಸಮವಸ್ತ್ರ ಎಲ್ಲ ಹೊಲಿದ ಕೈ. ಪ್ಲಾಸ್ಟರ್ ಹಾಕಿಸಿಕೊಂಡು ಬಂದವರು ಮೊದಲು ಮಿಷಿನ್ನಿಗೆ ಹೊದಿಕೆ ಹೊದಿಸಿದರು, ಒಂದೇ ಕೈಯಲ್ಲಿ, ಆಮೇಲೆ ಮಂಚದಡಿ ಅಡಗಿದ್ದ ಬಾಬಿನ್ನನ್ನು ಕರೆದರು, ಬಾರೋ, ನಿಂಗೇನಾದ್ರೂ ಪೆಟ್ಟಾಯ್ತಾ. ನಾನು ಕಂಬಳಿಯೊಳಗೆ ಮುಖ ಹಾಕಿ ಬಿದ್ದುಕೊಂಡಿದ್ದೆ. ಹೇಳಲಿಲ್ಲ. ಅವತ್ತು ಹೇಳಲಿಲ್ಲ, ಮಾರನೆ ದಿನ ಅಪ್ಪ ಮುಳ್ಳಿನ ಕೊರಳಪಟ್ಟಿ ತಂದಾಗಲೂ ಹೇಳಲಿಲ್ಲ, ಒಳಮುಖವಾಗಿ ತಂತಿಮುಳ್ಳು, ಎಳೆದರೆ ಚುಚ್ಚುತ್ತೆ ಅಕ್ಕ, ಎರಡು ದಿನದಲ್ಲಿ ದಾರಿಗೆ ಬರುತ್ತೆ, ಅತ್ತೆ ಅದನ್ನು ಎಡಗೈಯಲ್ಲಿ ತೂಗಿ ನೋಡಿ, ನಿನ್ನ ಕೊರಳ ಅಳತೆ ಹದಿನೈದೂವರೆ, ಸರಿಯಾಗಿ ಕೂರತ್ತೆ, ಒಂದು ವಾರ ನೀನು ಹಾಕ್ಕೊಂಡು ಆಫೀಸಿಗೆ ಹೋಗಿ ಬಾ, ಆಮೇಲೆ ಅದಕ್ಕೆ ಹಾಕೋಣ ಅಂದರು. ಅಪ್ಪ ನಗಬಾರದು ಅಂತ ಮುಖ ಗಂಟಿಕ್ಕಿಕೊಂಡರು, ಹಾಗಾದ್ರೆ ಆರು ವಾರ, ನಿನ್ನ ಪ್ಲಾಸ್ಟರ್ ಬಿಚ್ಚೋವರೆಗೆ, ಆಮೇಲೆ ನಾನೇ ನೋಡ್ತೀನಿ ಅಂದರು.

ನಲವತ್ತೇಳು — ಗುಜರಿ ಅಂಗಡಿಯ ಮುಂದೆ ಬಾಬಿನ್ ಮೂಸುತ್ತದೆ, ಮೂಸಲಿ, ನಿಂತೆ, ಪಟ್ಟಿ ಬಿಗಿಯಾಗುವ ಮೊದಲೇ ನಿಂತೆ, ಹಿಂದೆ ಚಪ್ಪಲಿಯೂ ನಿಂತಿತು. ಆರು ವಾರ ನಾನು ನೋಡಿದ್ದು ಇದನ್ನೇ, ಅತ್ತೆ ನಿಲ್ಲುವುದನ್ನು. ಮೊದಲನೇ ದಿನ ಗೇಟಿನಿಂದ ಪಕ್ಕದ ಮನೆಯ ಕಾಂಪೌಂಡಿನವರೆಗೆ ಹೋಗಲು ನಲವತ್ತು ನಿಮಿಷ, ಅದು ಎಳೆಯಿತು, ಅತ್ತೆ ನಿಂತರು, ಎಳೆಯಲಿಲ್ಲ, ಗದರಲಿಲ್ಲ, ಪ್ಲಾಸ್ಟರಿನ ಕೈ ಕೊರಳಿಗೆ ತೂಗಿಕೊಂಡು, ಪಟ್ಟಿ ಸುತ್ತಿದ ಎಡಗೈ ಹೊಟ್ಟೆಗೆ ಒತ್ತಿಕೊಂಡು, ದೀಪದ ಕಂಬ ನಿಂತ ಹಾಗೆ ನಿಂತರು, ಅದು ಮುಂದಕ್ಕೆ ಜಗ್ಗಿತು, ಮೇಲಕ್ಕೆ ಹಾರಿತು, ಕೂತಿತು, ಆಕಳಿಸಿತು, ಕೊನೆಗೆ ಇದೇನಾಯ್ತು ಈಯಮ್ಮಂಗೆ ಅಂತ ತಿರುಗಿ ನೋಡಿತು, ತಿರುಗಿದಾಗ ಪಟ್ಟಿ ಸಡಿಲವಾಯಿತು, ಆಗ, ಆಗಲೇ, ಅತ್ತೆ ಹೆಜ್ಜೆ ಎತ್ತಿದರು, ಗುಂಡಿಯ ಡಬ್ಬಿಯಿಂದ ಬೇಯಿಸಿದ ಮೊಟ್ಟೆಯ ಚೂರು ತೆಗೆದು ತಮ್ಮ ಎಡಗಾಲ ಪಕ್ಕದಲ್ಲೇ ಕೊಟ್ಟರು, ಮುಂದಕ್ಕೆ ಚಾಚಿ ಅಲ್ಲ, ಪಕ್ಕದಲ್ಲೇ, ಒಳ್ಳೇದೆಲ್ಲ ಇಲ್ಲೇ ಸಿಗತ್ತೆ ಕಣೋ, ಅಲ್ಲೇನಿದೆ. ಬೀದಿಯವರು ನಕ್ಕರು, ಏನಕ್ಕ, ನಾಯಿ ಸುತ್ತಾಡಿಸ್ತಿದ್ದೀರೋ ಕಾವಲು ಕಾಯ್ತಿದ್ದೀರೋ, ಅತ್ತೆಯೂ ನಕ್ಕರು, ಬೆಳಗ್ಗೆ ಬೆಳಗ್ಗೆ ನಿಂತ್ಕೊಂಡು ನಿಮ್ಮ ಮುಖ ಎಲ್ಲ ನೋಡೋ ಭಾಗ್ಯ. ಹೇಗೆ ಬರುತ್ತದೆ ಅವರಿಗೆ ಹಾಗೆ ನಿಲ್ಲುವುದು, ನಾಲ್ಕು ಜನ ನೋಡುತ್ತಿರುವಾಗ ನೆಲಕ್ಕೆ ಕಣ್ಣು ಹಾಕದೆ, ನಾನಾಗಿದ್ದರೆ ಚಪ್ಪಲಿಯ ಬಾರು ಸರಿಮಾಡುವ ನೆಪದಲ್ಲಾದರೂ ಬಗ್ಗಿರುತ್ತಿದ್ದೆ. ಕೇಳಿದೆ ಒಂದು ದಿನ. ಮಿಷಿನ್ ಮೇಲೆ ಕೂತಾಗ ಏನು ಮಾಡ್ತೀಯ ನೀನು ಅಂದರು, ಸೂಜಿ ಆಚೆ ಕಡೆಯಿಂದ ಬಟ್ಟೆ ಎಳೀತೀಯ, ಅದಕ್ಕೇ ನಿನ್ನ ಹೊಲಿಗೆ ಎಲ್ಲ ಸುಕ್ಕು, ಬಟ್ಟೇನ ಮಿಷಿನ್ನೇ ತಗೊಂಡು ಹೋಗತ್ತೆ, ನೀನು ದಾರಿ ತೋರಿಸ್ತಾ ಕೂತರೆ ಸಾಕು, ಯಾರು ಯಾವ ಕಡೆಯಿಂದ ಎಳೆದಿದ್ದಾರೆ ಅಂತ ನಾನು ಸುಕ್ಕು ನೋಡೇ ಹೇಳ್ತೀನಿ. ಅಂದು ನನ್ನ ಮುಖ ನೋಡಿದರು. ಅಥವಾ ನೋಡಲಿಲ್ಲ, ನನಗೆ ಹಾಗನಿಸಿತು.

ಈ ಪಟ್ಟಿಯೂ ಅತ್ತೆಯದೇ, ಚೀಲದ ಹಿಡಿಕೆಗೆ ಹಾಕುವ ಕ್ಯಾನ್ವಾಸು, ಎರಡು ಪದರ, ಎಡಗೈಯಲ್ಲಿ ಚಕ್ರ ತಿರುಗಿಸಿ ಮೂರು ದಿನ ಹೊಲಿದರು, ಕೊನೆಗೆ ಸರಿಯಾಗಿ ನಡುವಿನಲ್ಲಿ ಒಂದು ಬೆರಳಗಲ ಕೆಂಪು ದಾರದ ಹೊಲಿಗೆ ಹಾಕುತ್ತಿದ್ದಾಗ ನಾನು ನನ್ನ ಡಿಗ್ರಿ ತೋರಿಸಿದೆ, ನಾಯಿಗೆ ಕೆಂಪು ಕೆಂಪಾಗಿ ಕಾಣಲ್ಲ ಅತ್ತೆ, ಬೂದಿ ಬಣ್ಣದ ಥರ ಏನೋ ಕಾಣತ್ತೆ ಅಷ್ಟೇ, ಪ್ರಾಣಿಶಾಸ್ತ್ರದಲ್ಲಿ ಓದಿದ್ದೀನಿ. ಹೌದಾ, ಅಂದರು ಅತ್ತೆ, ಹಲ್ಲಿನಿಂದ ದಾರ ಕಡಿದು, ಕಾಣೋರಿಗೆ ಕಂಡರೆ ಸಾಕು ಬಿಡು. ಮೂರನೇ ವಾರದ ಕೊನೆಗೆ ಊಟ ಮಾಡುತ್ತಾ ಅಂದರು, ವಿಚಿತ್ರ ನಾಯಿ ಕಣೋ ಇದು, ಬೆಕ್ಕಿಗೆ ಎಳೆಯಲ್ಲ, ನಮಸ್ಕಾರ ಅಂದೋರಿಗೆ ಎಳೆಯುತ್ತೆ, ಅಪ್ಪ ಅಂದರು, ನಾಚಿಕೆ ಇರಬೇಕು, ನನ್ನ ಮಗಳ ಹಾಗೆ, ಇಬ್ಬರೂ ನಕ್ಕರು, ಈಗ ಹೇಳು, ಈಗ, ತಟ್ಟೆ ತೊಳೆಯಲು ಎದ್ದುಹೋದೆ. ಇವತ್ತಿಗೆ ಪ್ಲಾಸ್ಟರ್ ಬಿಚ್ಚಿ ಮೂರು ದಿನ, ಆ ಕೈ ತೆಳ್ಳಗಾಗಿದೆ, ಬೇರೆ ಯಾರದೋ ಕೈ ಹಾಗೆ, ಅತ್ತೆಯೇ ನಡೆಸುತ್ತಾರೆ ಅಂತ ಮಾತು, ಅತ್ತೆ ನಡೆಸಿದರೆ ಬಾಬಿನ್ ಗೆದ್ದ ಹಾಗೇ, ಗೇಟಿನ ಹತ್ತಿರ ಬಂದವರು ಪಟ್ಟಿ ತೆಗೆದು ನನ್ನ ಕೈಗೆ ಸುತ್ತಿದರು. ಇವತ್ತು ನೀನು ಹಿಡಿ. ಬೇಡ ಅತ್ತೆ, ನನ್ನ ಕೈಲಾಗಲ್ಲ, ಇವತ್ತು ಬೇಡ, ಸೋತರೆ ಅದನ್ನ ಕಳಿಸಿಬಿಡ್ತಾರೆ. ನನ್ನ ಕೈ ಇನ್ನೂ ನೋಯತ್ತೆ ಪುಟ್ಟಿ. ಸುಳ್ಳು, ನಿನ್ನೆ ಅದೇ ಕೈಯಲ್ಲಿ ಹೊಸ ಲಂಗಕ್ಕೆ ಅಂಚು ಕತ್ತರಿಸಿದರು, ನಾನು ನೋಡಿದೆ, ಒಂದು ಎಳೆ ಅತ್ತ ಇತ್ತ ಆಗಲಿಲ್ಲ.

ಅರವತ್ತು ಇರಬಹುದು, ಎಣಿಕೆ ತಪ್ಪಿತು, ಬಾಬಿನ್ನನ ಬೆನ್ನು ಎಷ್ಟು ಚೆಂದ ನಡೆಯುತ್ತದೆ, ಪ್ರತಿ ನಾಲ್ಕು ಹೆಜ್ಜೆಗೊಮ್ಮೆ ತಲೆ ಎತ್ತಿ ನನ್ನನ್ನು ನೋಡುತ್ತದೆ, ಇದ್ದೀಯಾ, ಇದ್ದೀನಿ, ಇದ್ದೀಯಾ, ಇದ್ದೀನಿ, ಹೀಗೆ ನನ್ನನ್ನು ಯಾರೂ ಕೇಳಿಲ್ಲ, ನಾನೂ ಹೀಗೆ ಯಾರಿಗೂ ಉತ್ತರ ಕೊಟ್ಟಿಲ್ಲ — ಔಷಧಿ ಅಂಗಡಿಯ ಹಸಿರು ಬೋರ್ಡು ಬಂತು, ಇನ್ನು ತಿರುಗಿದರೆ ಅರ್ಧ ಗೆದ್ದಂತೆ, ತಿರುಗು, ತಿರುಗು, ಬೋರ್ಡಿನ ಕೆಳಗಿನಿಂದ ಕೊಡೆ. ಮೊದಲು ಕೊಡೆ, ಆಮೇಲೆ ಕನ್ನಡಕ, ಆಮೇಲೆ ಪೂರ್ತಿ ಹೆಡ್‌ಮಾಸ್ಟ್ರು, ನಿಂತರು, ನಿಂತೇಬಿಟ್ಟರು, ಏನಮ್ಮಾ, ಚೆನ್ನಾಗಿದ್ದೀಯಾ, ಪಟ್ಟಿ ಏಳುತ್ತಿದೆ, ಕೆಂಪು ಹೊಲಿಗೆ ನೆಲ ಬಿಟ್ಟು ಮೇಲಕ್ಕೆ, ಇನ್ನೂ ಮೇಲಕ್ಕೆ, ಬಾಬಿನ್ನನ ಭುಜ ಗಟ್ಟಿಯಾಗುತ್ತಿದೆ, ಹಿಂದೆ ಚಪ್ಪಲಿ ನಿಂತಿತು, ಎಳೆಯಬೇಡ ಮಗಾ, ಎಳೆಯಬೇಡ — ಅದು ಎಲ್ಲಿ ಎಳೆಯುತ್ತಿದೆ, ಅದರ ನಾಲ್ಕು ಕಾಲೂ ನೆಲದಲ್ಲಿವೆ, ವಾಲಿರುವುದು ನಾನು, ನನ್ನ ಹಿಮ್ಮಡಿ ಎದ್ದಿದೆ, ನನ್ನ ಕೈ ಅದರ ತಲೆ ದಾಟಿ ಮುಂದಕ್ಕೆ ಹೋಗಿದೆ, ಅದು ನನ್ನ ಕೈಯನ್ನು ನೋಡುತ್ತಿದೆ, ಹೋಗೋಣವಾ, ಎಂದಿನ ಹಾಗೆ ಹೋಗೋಣವಾ ಅಂತ. ಹಿಮ್ಮಡಿ ಊರಿದೆ. ಕೈಯನ್ನು ಅತ್ತೆಯ ಹಾಗೆ ಹೊಟ್ಟೆಗೆ ತಂದೆ. ಕಂಬ, ದೀಪದ ಕಂಬ, ನೆಲ ನೋಡಬೇಡ. ಚೆನ್ನಾಗಿದ್ದೀನಿ ಸರ್, ಕೆಲಸ ಇನ್ನೂ ಆಗಿಲ್ಲ — ಇದು ನನ್ನ ದನಿ, ಸ್ವಲ್ಪ ಒಡೆದಿದೆ ಆದರೆ ನನ್ನದೇ. ಕೆಲಸ ಆಗತ್ತೆ ಬಿಡಮ್ಮ, ನಾನು ಅದನ್ನ ಕೇಳಲಿಲ್ಲ, ನಿಮ್ಮತ್ತೆ ಕೈ ಹೇಗಿದೆ ಅಂತ ಕೇಳೋಕೆ ತಿಂಗಳಿಂದ ಕಾಯ್ತಿದ್ದೀನಿ, ಅವರನ್ನೇ ಕೇಳೋಕೆ ಮುಜುಗರ, ನೀನು ಸಿಗೋದೇ ಇಲ್ಲ, ನಾನು ಅವತ್ತು ನಮಸ್ಕಾರ ಅನ್ನದೇ ಹೋಗಿದ್ದರೆ ಅವರು ಬೀಳ್ತಿರಲಿಲ್ಲ ಅಂತ ಅನ್ನಿಸ್ತಾನೇ ಇರತ್ತೆ. ಈ ಮುದುಕರಿಗೆ ಅನ್ನಿಸ್ತಾನೇ ಇದೆಯಂತೆ. ತಿಂಗಳಿಂದ. ನಿಮ್ಮಿಂದ ಅಲ್ಲ ಸರ್, ನನ್ನಿಂದ, ಬಾಯಿ ತಾನಾಗಿ ತೆರೆದಿದೆ, ಹಿಂದೆ ಅಪ್ಪ ಇದ್ದಾರೆ, ಕೇಳಿಸಿಕೊಳ್ಳಲಿ, ಬಾಬಿನ್ನಿಗೆ ಎಳೆಯೋದು ಕಲಿಸಿದ್ದೇ ನಾನು, ಯಾರಾದ್ರೂ ಮಾತಾಡಿಸಿದರೆ ಓಡಿಹೋಗೋಕೆ, ನಿಮ್ಮನ್ನ ಕಂಡರೆ ಓಡು ಅಂತ ಕಲಿಸಿದ್ದೆ, ಅದು ಹೇಳಿದ ಹಾಗೆ ಕೇಳಿತು ಅಷ್ಟೇ. ಹೆಡ್‌ಮಾಸ್ಟ್ರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು, ಅಷ್ಟು ಭಯಂಕರವಾಗಿದ್ದೀನಾ ನಾನು, ಅಂದರು, ಬೇಸರದಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ, ಬಗ್ಗಿ ಬಾಬಿನ್ನನಿಗೆ ಅಂಗೈ ಮೂಸಲು ಕೊಟ್ಟರು, ಅದು ಮೂಸಿತು, ಕೂತಿತು. ಚಪ್ಪಲಿ ಚರ್ ಚರ್ ಹತ್ತಿರ ಬಂತು, ನನ್ನ ಪಕ್ಕದಲ್ಲಿ ನಿಂತಿತು, ಅಪ್ಪ ಕೂತಿರುವ ಬಾಬಿನ್ನನ್ನು ನೋಡಿದರು, ಆಮೇಲೆ ನನ್ನನ್ನು, ಅಕ್ಕಂಗೆ ಇದು ಗೊತ್ತಾ ಅಂದರು. ಗೊತ್ತಿಲ್ಲ ಅನ್ನಲು ಹೋದೆ, ತಿರುಗಿ ನೋಡಿದೆ, ಅಷ್ಟು ದೂರದ ಗೇಟಿನಲ್ಲಿ ಅತ್ತೆ, ಕೊರಳಲ್ಲಿ ಅಳತೆಯ ಟೇಪು, ಕೈಕಟ್ಟಿ ನಿಂತಿದ್ದಾರೆ, ಅವರು ನೋಡುತ್ತಿರುವುದು ನಾಯಿಯನ್ನಲ್ಲ, ನನ್ನನ್ನು — ಸುಕ್ಕು ನೋಡೇ ಹೇಳ್ತೀನಿ ಅಂದಿದ್ದರು, ಎಡಗೈಯಲ್ಲಿ ಮೂರು ದಿನ, ನಾಯಿಗೆ ಕಾಣದ ಬಣ್ಣ, ಕಾಣೋರಿಗೆ ಕಂಡರೆ ಸಾಕು ಬಿಡು, ಆರು ವಾರ ಅವರು ಸಡಿಲ ಆಗಲಿ ಅಂತ ಕಾದು ನಿಂತದ್ದು ಯಾರಿಗೆ — ನಡಿ, ಮನೆಗೆ ಹೋಗೋಣ ಅಂತ ಅಪ್ಪ ಅನ್ನುತ್ತಿದ್ದಾರೆ, ಅದರ ತಿಂಡಿ ಹೊತ್ತಾಯ್ತು, ನಾನಿನ್ನೂ ಗೇಟನ್ನೇ ನೋಡುತ್ತಾ ನಿಂತಿದ್ದೇನೆ, ಪಟ್ಟಿ ಜೋತುಬಿದ್ದಿದೆ, ನನ್ನ ಕೈಯಿಂದ ಇಳಿದು, ಬಾಬಿನ್ನನ ಕೊರಳಿಗೆ ಏರಿ, ನಡುವೆ, ನೆಲಕ್ಕೆ ಇನ್ನೇನು ತಾಗುವ ಹಾಗೆ, ಒಂದು ಬೆರಳಗಲ, ಕೆಂಪು.