ಸೂಗಮ್ಮನ ಸೀರೆಯ ಪರದೆ

ಬಷೀರುನ್ನೀಸಾ ಕಲಬುರಗಿಯಿಂದ ಬಂದು ನಮ್ಮ ಕಮಲಾಪುರದ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಕಾಲಕ್ಕೆ ಊರಿಗೆ ಮೋಟಾರು ಬಂದಿರಲಿಲ್ಲ. ನಿಜಾಮ ಸರ್ಕಾರದ ಸಡಕು ಒಂದಿತ್ತು. ಅದರ ಮೇಲೆ ಎತ್ತಿನ ಬಂಡಿ ನಸುಕಿನಲ್ಲಿ ಹೊರಟರೆ ಹೊತ್ತು ಮುಳುಗುವಾಗ ಊರು ಮುಟ್ಟುತ್ತಿತ್ತು. ಶನಿವಾರ ಬರುವುದು, ಗುರುವಾರ ಹಿಂದಿರುಗುವುದು, ಶುಕ್ರವಾರ ಜುಮ್ಮಾದ ರಜೆ. ಸಂಬಳದಲ್ಲಿ ಎತ್ತಿನ ಮೇವು, ಬಂಡಿಯ ರಿಪೇರಿ ಕಳೆದರೆ ಉಪ್ಪು ಎಣ್ಣೆಗಾಗುವಷ್ಟು ಉಳಿಯುತ್ತಿತ್ತು.

ಕಲಬುರಗಿಯ ಜಗತ್ ಕೆರೆಯ ಕಡೆಗಿದ್ದ ಅವಳ ಓಣಿಯಲ್ಲಿ ಈ ಲೆಕ್ಕ ಬಾರದವರೇ ಇರಲಿಲ್ಲ. ತಮ್ಮ ಮನೆಯ ಲೆಕ್ಕ ತಪ್ಪಿದರೂ ಪಕ್ಕದ ಮನೆಯದು ಜನರಿಗೆ ಬಾಯಿಪಾಠ ಇರುತ್ತದೆ. ಮನೆಯ ನೆರಳಲ್ಲಿ ಕೂತು ಟೋಪಿ ಹೊಲಿದರೂ ಇಷ್ಟೇ ಸಿಗುತ್ತದೆ, ಇದಕ್ಕಾಗಿ ಮುದುಕ ಅಪ್ಪನನ್ನು ಬಿಸಿಲಲ್ಲಿ ಅಲೆಸಬೇಕೇ ಎಂದು ಹೆಂಗಸರು ಅವಳ ಎದುರಿಗೇ ಆಡುತ್ತಿದ್ದರು. ಆ ಮಾತಿನ ಕೊನೆಯ ತುಂಡು ಮಾತ್ರ ಅವಳಿಗೆ ಚುಚ್ಚುತ್ತಿತ್ತು.

ಅಪ್ಪ ಇನಾಯತ್ ಎತ್ತುಗಳಿಗೆ ಲಾಳ ಹೊಡೆಯುವವನು. ಕಮಲಾಪುರದಲ್ಲಿ ಆಗಲೇ ಇಬ್ಬರು ಆ ಕೆಲಸ ಮಾಡುತ್ತಿದ್ದರಿಂದ ಅವನು ಕಲಬುರಗಿ ಬಿಡುವಂತಿರಲಿಲ್ಲ. ಮಗಳಾದರೋ ಪರದೆಯವಳು. ಪರದೆಯ ಹೆಂಗಸು ಅಷ್ಟು ದೂರ ಹೋಗಬೇಕಾದರೆ ಮಹರಮ್ ಜೊತೆಗಿರಬೇಕು, ಎಂದರೆ ಅವಳನ್ನು ಮದುವೆಯಾಗಲು ಬಾರದ ಗಂಡಸು: ಅಪ್ಪ, ಅಣ್ಣ ತಮ್ಮ, ಮಗ. ಗಂಡ ಸತ್ತ, ಮಕ್ಕಳಿಲ್ಲದ, ಒಡಹುಟ್ಟಿದವರಿಲ್ಲದ ಬಷೀರುನ್ನೀಸಾಗೆ ಇದ್ದದ್ದು ಅಪ್ಪ ಒಬ್ಬನೇ. ಅವನು ಅವಳನ್ನು ಬಿಟ್ಟು ಹೋಗುವುದು, ಮತ್ತೆ ಬಂದು ಕರೆದೊಯ್ಯುವುದು, ಹೀಗೆ ವಾರದ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಕಳೆಯುತ್ತಿತ್ತು. ಅವನ ಎದೆಯೊಳಗೆ ಕೆಮ್ಮು ಮನೆ ಮಾಡಿಕೊಂಡಿತ್ತು.

"ಬಿಟ್ಟುಬಿಡ್ಲೇನು ಅಬ್ಬಾ?" ಎಂದು ಅವಳು ಒಮ್ಮೆ ಬಂಡಿಯ ಪರದೆಯೊಳಗಿಂದ ಕೇಳಿದಳು.

"ನಿನಗೇನು ಅನಸ್ತದ, ಅದನ್ನ ಹೇಳು."

ಅವಳು ಹೇಳಿದಳು: "ನಮ್ಮ ಓಣ್ಯಾಗ ನಾ ಸತ್ತವನ ಹೆಂಡ್ತಿ. ಶುಭ ಕೆಲಸದಾಗ ನನ್ನ ಹಿಂದ ಕೂಡಸ್ತಾರ. ಅಲ್ಲಿ ಹುಡುಗ್ಯಾರು ಉಸ್ತಾನಿ ಬಂದ್ರು ಅಂತ ಓಡಿ ಬರ್ತಾವ. ಅದಕ್ಕ ಹೋಗ್ತೀನಿ. ರೊಕ್ಕದ ಸಲುವಾಗಿ ಅಲ್ಲ."

ಇನಾಯತ್ ಎತ್ತುಗಳನ್ನು ಹೊಡೆದ. ಆ ವಿಷಯ ಮತ್ತೆ ಅವರಲ್ಲಿ ಬರಲಿಲ್ಲ.

ಬಂಡಿ ಕಮಲಾಪುರದ ಅಂಚಿಗೆ ಬಂದಾಗ ಸಡಕಿನ ಪಕ್ಕದಲ್ಲಿ ಸೂಗಮ್ಮನ ಬಾಳೆತೋಟ. ಸೂಗಮ್ಮ ಲಿಂಗವಂತರ ವಿಧವೆ, ಕೈಗಟ್ಟಿಯ ಹೆಂಗಸು. ಒಂದು ಹಣ್ಣಿಗೂ ಅರ್ಧ ತಾಸು ಚೌಕಾಶಿ ಮಾಡುವವಳು. ಅಂಥವಳು ಪ್ರತಿ ವಾರ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪನ್ನು ಪರದೆಯ ಕೆಳಗಿಂದ ಬಂಡಿಯೊಳಗೆ ತಳ್ಳಿ, ಮಾತಿಲ್ಲದೆ ಹೋಗುತ್ತಿದ್ದಳು. ಇದು ಊರಿಗೇ ಆಶ್ಚರ್ಯವಾಗಿತ್ತು. ವಯಸ್ಸಾಯಿತು, ಪುಣ್ಯದ ಕಡೆ ಮನಸ್ಸು ಹೋಗಿದೆ ಎಂದು ನಮ್ಮವರು ಅಂದುಕೊಂಡರು. ನಮ್ಮವರು ಹೀಗೆಯೇ, ಏನಾದರೊಂದು ಅಂದುಕೊಂಡು ನಿದ್ದೆ ಮಾಡುತ್ತಾರೆ.

ಪುಷ್ಯ ಮಾಸದ ಚಳಿಯ ಒಂದು ಶನಿವಾರ, ಅದೇ ತೋಟದ ಮುಂದೆ, ಕೆಮ್ಮುತ್ತ ಕೆಮ್ಮುತ್ತ ಇನಾಯತ್ ಬಂಡಿಯಿಂದ ಕೆಳಗೆ ಬಿದ್ದ. ಸಂತೆಯಿಂದ ಆಗಷ್ಟೇ ತೋಟಕ್ಕೆ ಮರಳಿದ್ದ ಸೂಗಮ್ಮನ ಮಗ ನಾಗಣ್ಣ ಓಡಿ ಬಂದು ಎತ್ತಿದ. ಮುದುಕನನ್ನು ಬಂಡಿಯ ಮುಂಭಾಗದಲ್ಲಿ ಮಲಗಿಸಿ, ಒಳಗೆ ಪರದೆಯ ಹೆಂಗಸಿದ್ದಾಳೆಂದು ಮುಖ ಆಚೆ ತಿರುಗಿಸಿಕೊಂಡು, ಎತ್ತಿನ ಮೂಗುದಾರ ಹಿಡಿದು ಇಕ್ಬಾಲ್ ಬೇಗಂ ಅವರ ಮನೆಯವರೆಗೆ ನಡೆದುಕೊಂಡೇ ಹೋದ.

ಹೆಣ್ಣುಮಕ್ಕಳ ಪಾಠ ನಡೆಯುತ್ತಿದ್ದದ್ದು ಇಕ್ಬಾಲ್ ಬೇಗಂ ಅವರ ಮನೆಯಲ್ಲೇ. ಸಂಬಳ ಕೊಡುತ್ತಿದ್ದವರೂ ಅವರೇ. ಹಕೀಮರು ಬಂದು ನೋಡಿ, ಈ ಜೀವ ಉಳಿಯಬೇಕಾದರೆ ಇನ್ನು ವಾರವಾರ ಬಂಡಿ ಹತ್ತಿ ಅಲೆಯಬಾರದು ಎಂದು ಹೇಳಿ ಹೋದರು. ಮರುದಿನ ಬೇಗಂ ಬಷೀರುನ್ನೀಸಾಳನ್ನು ಕರೆದು ಕೂರಿಸಿಕೊಂಡರು.

"ನಿಮ್ಮ ಅಬ್ಬಾನ ಜೀವ ತಗೊಂಡು ನಮ್ಮ ಹುಡುಗ್ಯಾರಿಗೆ ಅಲಿಫ್ ಬೇ ಕಲಿಸೂದು ಬ್ಯಾಡ ಉಸ್ತಾನಿ. ನಾಗಣ್ಣನ ಬಾಳೆ ಬಂಡಿ ಗುರುವಾರ ಕಲಬುರಗಿ ಸಂತಿಗೆ ಹೋಗ್ತದ, ಶನಿವಾರ ತಿರುಗಿ ಬರ್ತದ. ಹುಡುಗ ಒಳ್ಳೆಯವನೇ. ಆದ್ರ ಪರಾಯಾ ಗಂಡಸು. ಅವನ ಬಂಡ್ಯಾಗ ನಿಮ್ಮನ್ನ ಕಳಿಸಿದ್ರ ನಾಳೆ ಒಬ್ರೂ ತಮ್ಮ ಮಗಳನ್ನ ನನ್ನ ಮನೀಗೆ ಕಳಸಾಂಗಿಲ್ಲ."

"ನನಗೂ ಗೊತ್ತದ ರೀ," ಎಂದಳು ಬಷೀರುನ್ನೀಸಾ. "ಈ ಸಲ ಹೋದ್ರ ಮತ್ತ ಬರೂದಿಲ್ಲ. ಟೋಪಿ ಹೊಲೀತೀನಿ."

ಹುಡುಗಿಯರು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆ ಸಂಜೆಯೊಳಗೆ ಉಸ್ತಾನಿ ಕೆಲಸ ಬಿಡುವ ಸುದ್ದಿ ಊರಲ್ಲೆಲ್ಲ ಹರಡಿತು. ಸೂಗಮ್ಮನ ಕಿವಿಗೂ ಬಿತ್ತು.

ಅವಳು ತಲೆಯ ಮೇಲೆ ಬಾಳೆಹಣ್ಣಿನ ಬುಟ್ಟಿ ಹೊತ್ತು, ಮಾರಲು ಬಂದವಳಂತೆ ಬೇಗಂ ಮನೆಯ ಪಡಸಾಲೆಗೆ ಬಂದಳು. ಅಲ್ಲಿ ಇನಾಯತ್ ಒಬ್ಬನೇ ಕಂಬಳಿ ಹೊದ್ದು ಮಲಗಿದ್ದ. ಅವಳು ಬುಟ್ಟಿ ಇಳಿಸಿ, ಅವನಿಂದ ಒಂದು ಮಾರು ದೂರ ಕೂತಳು.

"ನೀ ಹೇಳಬೇಕಿತ್ತು ಇನಾಯತ್ ಭಾಯಿ. ಇಷ್ಟು ದಿನ ಎದಿ ಹರಕೊಂಡು ಬಂಡಿ ಹೊಡದಿ. ಒಂದು ಮಾತು ಹೇಳಿದ್ರ ಮುಗೀತಿತ್ತು."

"ನಿನಗ ಮಾತು ಕೊಟ್ಟೀನಿ ಸೂಗಮ್ಮ. ನಿನ್ನ ಮನಿ ಮುರದು ನನ್ನ ಮಗಳ ನೌಕರಿ ಉಳಸ್ಲೇನು?"

ಅವರಿಬ್ಬರ ನಡುವೆ ಇದ್ದ ಸಂಗತಿ ಇಷ್ಟೇ. ಕಲಬುರಗಿಯಲ್ಲಿ ಪ್ಲೇಗು ಬಿದ್ದ ವರ್ಷ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಇನಾಯತ್ ತನಗೆ ಗುರುತಿದ್ದ ರೈತ ದೌಲಪ್ಪನ, ಅಂದರೆ ಸೂಗಮ್ಮನ ಗಂಡನ, ತೋಟದ ಅಂಚಿಗೆ ಬಂದಿದ್ದ. ಅಲ್ಲೇ ಅವನ ಹೆಂಡತಿ ಹೆತ್ತು ಸತ್ತಳು. ಕೂಸು ಹಾಲಿಲ್ಲದೆ ಅತ್ತಿತು. ಸೂಗಮ್ಮನ ಮಡಿಲಲ್ಲಿ ಆಗ ಕೆಲವು ತಿಂಗಳ ನಾಗಣ್ಣ ಇದ್ದ. ಅವಳು ಗಂಡನಿಗೂ ಹೇಳದೆ, ಬಾಳೆಯ ಮರೆಯಲ್ಲಿ ಕೂತು, ಆ ಕೂಸಿಗೂ ಮೊಲೆ ಕೊಟ್ಟಳು. ಪ್ಲೇಗು ಇಳಿದು ಅವರು ಹೋಗುವವರೆಗೂ ಕೊಟ್ಟಳು.

ಇದರಲ್ಲಿ ಮುಚ್ಚಿಡುವುದು ಏನಿತ್ತು ಎಂದು ಈಗಿನವರು ಕೇಳಬಹುದು. ನಾಗಣ್ಣನಿಗೆ ಹುಟ್ಟಿದ ವಾರದಲ್ಲೇ ಮಠದ ಅಯ್ಯನವರು ಲಿಂಗ ಕಟ್ಟಿದ್ದರು. ಲಿಂಗ ಕಟ್ಟಿದ ಮಗ ತುರುಕರ ಕೂಸಿನ ಎಂಜಲು ಕುಡಿದ ಎಂದು ಗೊತ್ತಾಗಿದ್ದರೆ ತಾಯಿ ಮಗ ಇಬ್ಬರನ್ನೂ ಪಂಕ್ತಿಯಿಂದ ಎಬ್ಬಿಸುತ್ತಿದ್ದರು. ಆದರೆ ಇನಾಯತ್‌ನ ಧರ್ಮದಲ್ಲಿ ಅದೇ ಹಾಲಿಗೆ ಬೇರೆ ಅರ್ಥ. ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರು. ನಾಗಣ್ಣ ಬಷೀರುನ್ನೀಸಾಗೆ ಮಹರಮ್. ಒಬ್ಬರ ಕಡೆ ಮೈಲಿಗೆ, ಇನ್ನೊಬ್ಬರ ಕಡೆ ಸಂಬಂಧ. ಎರಡರ ನಡುವೆ ಈ ಹೆಂಗಸು ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ಬದುಕಿದ್ದಳು.

"ನಾಳಿ ಹೇಳ್ತೀನಿ," ಎಂದು ಸೂಗಮ್ಮ ಎದ್ದಳು.

ಮರುದಿನ ಮುಂಜಾನೆ ಬೇಗಂ ಕರೆಸಿದ್ದರಿಂದ ಮೌಲ್ವಿ ಸಾಹೇಬರು ಬಂದರು. ಇಂಥ ಮಾತು ಗುಟ್ಟಾಗಿ ನಡೆಯುವುದಿಲ್ಲ, ನಾಲ್ಕು ಜನ ಕೇಳಬೇಕು ಎಂದರು. ಬೇಗಂ ಮನೆಯ ಅಂಗಳದಲ್ಲಿ ಮುಸಲ್ಮಾನರೂ ಲಿಂಗವಂತರೂ ಸೇರಿದರು. ಸೂಗಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಳು.

"ಈ ಕೂಸಿಗೆ ನಾ ಹಾಲು ಕೊಟ್ಟೀನಿ. ಒಂದು ದಿನ ಅಲ್ಲ, ಪ್ಲೇಗು ಮುಗಿಯೂತನಕ ಕೊಟ್ಟೀನಿ. ನಮ್ಮ ನಾಗಣ್ಣ ಒಂದು ಕಡಿ, ಇದು ಒಂದು ಕಡಿ. ಯಾರೂ ಹೇಳಿ ಮಾಡಿಲ್ಲ, ನಾನೇ ಮಾಡೀನಿ."

ಇನಾಯತ್ ಮಲಗಿದಲ್ಲಿಂದಲೇ, "ಖರೇ ಅದ," ಎಂದ. ಮೌಲ್ವಿ ಸಾಹೇಬರು ತಲೆಯಾಡಿಸಿದರು. ಬಿದಿರು ಕಡ್ಡಿಯ ಪರದೆಯ ಆಚೆ ಕೂತಿದ್ದ ಬಷೀರುನ್ನೀಸಾ ಅತ್ತದ್ದು ಅಂಗಳಕ್ಕೆ ಕೇಳಿಸಿತು. ತಾಯಿಯ ಹಾಲು ಕುಡಿಯದೆ ಬೆಳೆದವಳು ತಾನು ಎಂದೇ ಅವಳು ಅಲ್ಲಿಯವರೆಗೆ ತಿಳಿದಿದ್ದಳು.

ನಾಗಣ್ಣ ಅಂಗಳದಿಂದ ಎದ್ದು ಹೋದ.

ಅಂದು ಸೋಮವಾರ, ಆದರೂ ಸೂಗಮ್ಮನ ಮನೆಗೆ ಅಯ್ಯನವರು ಬರಲಿಲ್ಲ. ಪ್ರತಿ ಸೋಮವಾರ ಅವರ ಪಾದ ತೊಳೆದು, ಆಮೇಲೆ ಬಾಯಿಗೆ ತುತ್ತಿಡುವವಳು ಅವಳು. ಆ ದಿನ ತಟ್ಟೆ, ವಿಭೂತಿ, ಬಿಲ್ವಪತ್ರೆ ಎಲ್ಲ ಇಟ್ಟುಕೊಂಡು ಹೊತ್ತು ಇಳಿಯುವವರೆಗೆ ಹೊಸ್ತಿಲಲ್ಲಿ ಕೂತಿದ್ದಳು. ಬಾವಿಯ ಹತ್ತಿರ ಹೆಂಗಸರು ತಮ್ಮ ಕೊಡ ಸರಿಸಿಕೊಂಡರು. ಸೊಸೆ ನೀಲಗಂಗಮ್ಮ ಅಡುಗೆ ಮಾಡಿದಳು, ಆದರೆ ಅತ್ತೆಯ ಜೊತೆ ಮಾತು ಬಿಟ್ಟಳು. ನಾಗಣ್ಣ ತೋಟದಲ್ಲೇ ಮಲಗತೊಡಗಿದ. ಸೂಗಮ್ಮನ ಸಂಕಟವನ್ನು ಕಂಡವರು ಯಾರಾದರೂ ಒಂದು ಒಳ್ಳೆಯ ಮಾತು ಆಡಬಹುದಿತ್ತು. ನಮ್ಮೂರಲ್ಲಿ ಯಾರೂ ಆಡಲಿಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಬುಧವಾರ ಸಂಜೆ ಬಷೀರುನ್ನೀಸಾ ಬುರಖಾ ಹೊದ್ದು, ಬೇಗಂ ಮನೆಯ ದಾಸಿಯ ಜೊತೆ ಸೂಗಮ್ಮನ ಮನೆಗೆ ಬಂದಳು. ಬಾಗಿಲ ಹೊರಗೆ ನಿಂತಳು. ಒಳಗೆ ಬರಬಹುದೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

"ನನಗ ಈ ನೌಕರಿ ಬ್ಯಾಡ ರೀ," ಎಂದಳು. "ಸಣ್ಣ ಸಂಬಳದ್ದು, ದೂರ ದಾರೀದ್ದು. ಅದರ ಸಲುವಾಗಿ ನೀವು ಇಷ್ಟು ಕಳಕೊಂಡ್ರಿ. ಅಬ್ಬಾಗ ಸ್ವಲ್ಪ ಆರಾಮ ಆದ ಮ್ಯಾಲ ನಾವು ಹೋಗ್ತೀವಿ. ಮತ್ತ ಬರೂದಿಲ್ಲ."

ಸೂಗಮ್ಮ ಒಳಗಿನಿಂದ ಎದ್ದು ಬಂದಳು.

"ನೋಡವ್ವ, ಆಡಿದ ಮಾತು ನಾ ತಿರುಗಿ ನುಂಗಾಕ ಬರೂದಿಲ್ಲ. ಅಯ್ಯನೋರು ಹೆಂಗೂ ಬರಾಂಗಿಲ್ಲ, ನೀ ಬಂದ್ರೂ ಬರಾಂಗಿಲ್ಲ, ನೀ ಹೋದ್ರೂ ಬರಾಂಗಿಲ್ಲ. ನೀನೂ ಹೋದಿ ಅಂದ್ರ ನಾ ಯಾರ ಸಲುವಾಗಿ ಹೇಳಿದಂಗಾತು? ನಿನ್ನ ಸಂಬಳ ಎಷ್ಟಂತ ನಾ ಕೇಳೀನೇನು? ನೀ ವಾರಕ್ಕೊಮ್ಮೆ ಈ ದಾರೀಲೆ ಹೋಗ್ತಿದ್ದಿ, ನಾ ಪರದಿ ಕೆಳಗ ಹಣ್ಣು ಇಡ್ತಿದ್ದೆ. ನಿನ್ನ ಕೈ ಕಾಣ್ತಿತ್ತು. ನನಗ ಅಷ್ಟು ಬೇಕು."

ಬಷೀರುನ್ನೀಸಾ ಹೊಸ್ತಿಲಲ್ಲೇ ಕೂತಳು. ಸೂಗಮ್ಮ ಅವಳ ಮುಖದ ಮೇಲಿನ ಪರದೆ ಎತ್ತಿ ನೋಡಿದಳು. ಎಳೆಗೂಸಾಗಿ ಹೋದ ಮೇಲೆ ಆ ಮುಖವನ್ನು ಅವಳು ಕಂಡದ್ದು ಅದೇ ಮೊದಲು.

"ಬರ್ತೀನಿ ಅವ್ವ," ಎಂದಳು ಬಷೀರುನ್ನೀಸಾ. "ಬಂಡಿ ಸಿಕ್ಕರ ಬರ್ತೀನಿ."

ಸೂಗಮ್ಮ ತೋಟದ ದಾರಿಯ ಕಡೆ ನೋಡಿದಳು. ಮಗ ಮನೆಗೆ ಬಾರದೆ ಮೂರು ದಿನವಾಗಿತ್ತು.

ಗುರುವಾರ ನಸುಕಿನಲ್ಲಿ ಅಂಗಳದಲ್ಲಿ ಎತ್ತಿನ ಗಂಟೆ ಕೇಳಿ ಅವಳು ಹೊರಗೆ ಬಂದಳು. ನಾಗಣ್ಣ ಬಂಡಿ ಹೂಡಿದ್ದ. ಬಾಳೆಗೊನೆಗಳನ್ನೆಲ್ಲ ಹಿಂದಕ್ಕೆ ಸರಿಸಿ, ಮುಂದೆ ಹುಲ್ಲು ಹಾಸಿ ಇಬ್ಬರಿಗೆ ಜಾಗ ಮಾಡಿದ್ದ. ಹಗ್ಗದ ಮೇಲೆ ಒಣಗಿದ್ದ ತಾಯಿಯ ಹಸಿರು ಇಳಕಲ್ ಸೀರೆಯನ್ನು ತೆಗೆದು ಗೂಟಗಳಿಗೆ ಸುತ್ತ ಬಿಗಿದು ಕಟ್ಟುತ್ತಿದ್ದ. ಅವಳ ಮುಖ ನೋಡಲಿಲ್ಲ. ಅವಳು ಒಳಗೆ ಹೋಗಿ ಒಂದು ಚಿಪ್ಪು ಹಣ್ಣು ತಂದು ಹುಲ್ಲಿನ ಮೇಲಿಟ್ಟಳು.

ಇನಾಯತ್‌ನನ್ನೂ ಅವನ ಮಗಳನ್ನೂ ಹತ್ತಿಸಿಕೊಂಡು ಬಂಡಿ ಬಜಾರದೊಳಗಿಂದ ಹೊರಟಿತು. ಆ ಸೀರೆ ಯಾರದೆಂದು ಊರಿಗೆಲ್ಲ ಗೊತ್ತು. ಮಠದ ಕಟ್ಟೆಯ ಮೇಲೆ ಅಯ್ಯನವರ ಜೊತೆ ಕೂತಿದ್ದ ಸಾಯಬಣ್ಣ ಗೌಡರು ಬೇಕೆಂದೇ ದನಿ ಎತ್ತಿ ಕೇಳಿದರು.

"ಏನೋ ನಾಗಣ್ಣ, ಪರದಿ ಒಳಗ ಯಾರು?"

ನಾಗಣ್ಣ ಎತ್ತುಗಳನ್ನು ನಿಲ್ಲಿಸಿದ. ಕೊರಳಿನ ಲಿಂಗವನ್ನು ಒಮ್ಮೆ ಮುಟ್ಟಿಕೊಂಡ.

"ತಂಗಿ ರೀ," ಎಂದ. "ಕಲಬುರಗಿಗೆ ಬಿಡಾಕ ಹೊಂಟೀನಿ. ಶನಿವಾರ ಕರಕೊಂಡ ಬರ್ತೀನಿ."