ಅಕ್ಕನ ಚಪ್ಪಲಿ ಸದ್ದು

ಚರ್ಚಿನ ಯುವಜನರ ಶಿಬಿರಕ್ಕೆ ನನ್ನನ್ನು ಎಳೆದುಕೊಂಡು ಬಂದವಳು ಅಕ್ಕ. ಮನೆಯಲ್ಲಿ ಅವಳು ನನ್ನನ್ನು ‘ಕುರಿ’ ಎಂದೇ ಕರೆಯುವುದು; ಹಾಗೆಂದಾಗಲೆಲ್ಲ ನಾನು ಉರಿದು ಬೀಳುತ್ತೇನೆ. ಇಲ್ಲಿ ನೋಡಿದರೆ ಪಾಸ್ಟರೂ ಅದನ್ನೇ ಹೇಳಬೇಕೆ! “ಇವತ್ತು ಚಿಕ್ಕವರೆಲ್ಲ ಕುರಿಗಳು, ದೊಡ್ಡವರು ಕುರಿ ಕಾಯೋರು. ನಿಮ್ಮವರು ಕರೆದ ದನಿ ಹಿಡ್ಕೊಂಡು ಹೋಗಿ ಅವರನ್ನ ಮುಟ್ಟಬೇಕು” ಎನ್ನುತ್ತ ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿಸಿದರು.

ಕಣ್ಣು ಕಟ್ಟಿದೊಡನೆ ಹುಲ್ಲಿನ ಅಂಗಳ ಕರಗಿಹೋಯಿತು. ಬಿಸಿಲು ಬಟ್ಟೆಯೊಳಗೆ ಕೆಂಪಗೆ ತೇಲುತ್ತಿತ್ತು. ಹೆಸರುಗಳು ಹಕ್ಕಿಗಳಂತೆ ತಲೆಯ ಮೇಲೆ ಹಾರಾಡಿ, ಒಂದೊಂದಾಗಿ ಯಾರದೋ ಹೆಗಲ ಮೇಲೆ ಇಳಿದು ಸುಮ್ಮನಾದವು. ನನ್ನ ಹೆಸರನ್ನು ಮಾತ್ರ ಯಾರೂ ಕರೆಯಲಿಲ್ಲ. ಆಗ ನೆನಪಾಯಿತು: ನಿನ್ನೆ ಹಾಡಿ ಹಾಡಿ ಅಕ್ಕನ ಗಂಟಲು ಕಟ್ಟಿಹೋಗಿತ್ತು. ಬೆಳಗಿನಿಂದ ಅವಳಿಗೆ ದನಿಯೇ ಇರಲಿಲ್ಲ.

ಅಷ್ಟರಲ್ಲಿ ಹುಲ್ಲಿನಾಚೆಯ ಸಿಮೆಂಟು ದಾರಿಯಿಂದ ಸರ್... ಸರ್... ಎಂದು ಚಪ್ಪಲಿ ಎಳೆಯುವ ಸದ್ದು ಕೇಳಿತು. “ಕಾಲೆತ್ತಿ ನಡಿಯಕ್ಕಾ, ತಲೆ ತಿನ್ಬೇಡ” ಎಂದು ಮನೆಯಲ್ಲಿ ನಾನು ದಿನಾ ಬೈಯುವ ಅದೇ ಸದ್ದು. ನಿದ್ದೆಯಲ್ಲಿ ನಡೆಯುವವಳಂತೆ ಅದರ ಹಿಂದೆ ಹೋದೆ. ಬೆಚ್ಚಗಿನ ಕೈಯೊಂದು ಸಿಕ್ಕಿತು.

ಬಟ್ಟೆ ಬಿಚ್ಚಿದರೆ, ನಡೆದು ನಡೆದು ಬೆವರಿದ್ದ ಅಕ್ಕ. ದನಿಯಿಲ್ಲದ ತುಟಿಯಲ್ಲೇ, “ಬಂದ್ಯಾ ಕುರಿ?” ಎಂದಳು.

ಎಂದಿನಂತೆ ಉರಿದು ಬೀಳಬೇಕಿತ್ತು. ಅವಳ ಭುಜಕ್ಕೆ ಮುಖ ಒತ್ತಿ, “ಬ್ಯಾ...” ಎಂದೆ.