ಬಳುವಳಿ ಎತ್ತು

"ಏಳ್ಲೇ!" ಗವಿಸಿದ್ದಪ್ಪ ಬಾರುಕೋಲನ್ನು ಮತ್ತೆ ಬೀಸಿದ. ಕಾಲುವೆಯ ಏರಿ ಹತ್ತುವಾಗ ಮೊಣಕಾಲೂರಿದ ಎಡಗಡೆಯ ಎತ್ತು ಏಳಲಿಲ್ಲ. ಅದರ ಬಾಯಿಂದ ಇಳಿದ ನೊರೆ ಮಣ್ಣಿನಲ್ಲಿ ಬಟ್ಟೆ ಒಗೆದ ಜಾಗದಂತೆ ಬೆಳ್ಳಗೆ ಹರಡಿತ್ತು.

ಹಿಂದೆ, ಹೊಸಪೇಟೆಯ ಫ್ಯಾಕ್ಟರಿಗೆ ಹೊರಟ ಕಬ್ಬಿನ ಬಂಡಿಗಳು ಸಾಲಾಗಿ ನಿಂತಿದ್ದವು.

"ಬಾಯಾಗ ನೊರಿ ಬಂದೈತ್ರಿ. ಒಂದೀಟು ನೊಗ ಬಿಚ್ರಿ," ಎಂದಳು ಹೆಂಡತಿ ಉಚ್ಚೆಂಗಮ್ಮ.

"ನಿನ್ನ ತವರಿನ ಎತ್ತು ನಿನ್ನಂಗ. ಏಟು ಬಿದ್ರನ ನಡಿಯೋದು."

ಬಂಡಿಯವರು ನಕ್ಕರು. "ಏ ಗವಿಸಿದ್ದಾ, ಎತ್ತನ್ನರ ತಗಿ, ಬಂಡಿನರ ತಗಿ. ನಮ್ಮ ಕಬ್ಬು ಒಣಗಾಕತ್ತೈತಿ!" ಎಂದ ಹಿಂದಿನ ಬಂಡಿಯ ಹಂಪಯ್ಯ.

ಚೋರನೂರಿನ ಅವ್ವ ಮದುವೆಯಲ್ಲಿ ಬಳುವಳಿಯಾಗಿ ಕೊಟ್ಟ ಕರು ಅದು. ಉಚ್ಚೆಂಗಮ್ಮ ಗಂಜಿ ಕುಡಿಸಿ ಬೆಳೆಸಿದ್ದಳು. ನೀರಾವರಿ ಬಂದು ಕೈ ಬಲಿತ ಮೇಲೆ ಗವಿಸಿದ್ದಪ್ಪ ಕಂಪ್ಲಿಯಿಂದ ಆನೆಯಂಥ ಎತ್ತು ತಂದು, ಅದರ ಜೊತೆಗೆ ಈ ಗಿಡ್ಡನನ್ನು ಒಂದೇ ನೊಗಕ್ಕೆ ಹೂಡಿದ್ದ. ಎರಡು ಸಲದ ಕಬ್ಬನ್ನು ಒಂದೇ ಸಲಕ್ಕೆ ಹೇರಿದ್ದ.

ಅವನು ಬಾರುಕೋಲು ತಿರುಗಿಸಿ ಹಿಡಿಯ ತುದಿಯ ಮೊಳೆಯಿಂದ ತಿವಿದ. ಚರ್ಮ ಹರಿದು ರಕ್ತ ಚಿಮ್ಮಿತು. ಹೋದ ವಾರ ರೊಟ್ಟಿ ತಡವಾದಾಗ ಬಿದ್ದ ಬರೆ ಉಚ್ಚೆಂಗಮ್ಮನ ಬೆನ್ನಲ್ಲಿ ಚುರ್ರೆಂದಿತು.

ಅವಳು ಬಂಡಿಗೆ ಸಿಕ್ಕಿಸಿದ್ದ ಮಚ್ಚನ್ನು ಎಳೆದುಕೊಂಡಳು. ನಗು ನಿಂತಿತು. ಹೇರು ಬಿಗಿದ ಹಗ್ಗಕ್ಕೆ ಒಂದೇ ಏಟು. ಕಬ್ಬು ಸರಸರನೆ ಜಾರಿ ಕಾಲುವೆಗೆ ಬಿತ್ತು.

"ಹುಚ್ಚು ರಂಡೇ!" ಬಾರುಕೋಲು ಅವಳ ಕೊರಳಿಗೆ ಸುತ್ತಿಕೊಂಡಿತು. ಅವಳು ಅದರ ಬಾರನ್ನೇ ಹಿಡಿದು ಜಗ್ಗಿ ಕಿತ್ತುಕೊಂಡಳು. ಹಿಡಿಯಿಂದ ಅವನ ಬಾಯಿಗೆ ಬೀಸಿದಳು. ಒಮ್ಮೆ, ಅವನು ಕೈ ಎತ್ತಿದಾಗ ಇನ್ನೊಮ್ಮೆ. ತುಟಿ ಒಡೆದು, ರಕ್ತ ಬೆರೆತ ನೊರೆ ಅವನ ಗದ್ದಕ್ಕಿಳಿಯಿತು.

"ಹಿಡೀರಲೇ ಯಾರರ!" ಎಂದ ಗವಿಸಿದ್ದಪ್ಪ. ಯಾರೂ ಇಳಿಯಲಿಲ್ಲ. ಹಂಪಯ್ಯ ಮಾತ್ರ ಬಂದು ದೊಡ್ಡ ಎತ್ತಿನ ಮೂಗುದಾರ ಹಿಡಿದುಕೊಂಡ.

"ಅದನ್ನ ಮುಟ್ಟಿದ್ಯೋ, ಮಚ್ಚು ಐತಿ," ಎಂದಳು ಉಚ್ಚೆಂಗಮ್ಮ ಗಂಡನಿಗೆ. ಗಿಡ್ಡ ಎತ್ತಿನ ಕೊರಳ ಹಗ್ಗ ಕೊಯ್ದಳು. ಅದು ನಡುಗುತ್ತ ಎದ್ದಿತು.

ಇಳಿಜಾರಿನಲ್ಲಿ ನಿಧಾನ ಇಳಿಸಿಕೊಂಡು ಹೋಗಿ, ಸೊಂಟದ ತನಕ ನೀರಲ್ಲಿ ನಿಂತು, ಬೊಗಸೆಯಿಂದ ಅದರ ಮೋರೆ ತೊಳೆದಳು. ನೊರೆ ಹರಿದು ಹೋಯಿತು. ಏರಿಯ ಮೇಲಿನ ಕೂಗಾಟಕ್ಕೆ ಅವಳು ತಲೆ ಎತ್ತಲಿಲ್ಲ.

ಕಬ್ಬಿನ ಜಲ್ಲೆಗಳು ಒಂದೊಂದಾಗಿ ತೇಲಿ ಹೋಗುತ್ತಿದ್ದವು. ಎತ್ತು ಕೊರಳು ಚಾಚಿ ಒಂದನ್ನು ಕಚ್ಚಿ ಎಳೆದುಕೊಂಡಿತು. ಮೆಲ್ಲಗೆ ಅಗಿಯತೊಡಗಿತು. ಅದರ ಬಾಯಂಚಿನಲ್ಲಿ ಮತ್ತೆ ನೊರೆ ಮೂಡಿತು, ಈ ಸಲ ತಿಳಿ ಹಸಿರು.